ಅಜ್ಜನ ಲೆಕ್ಕ ಎಲ್ಲಿ ಹೋಯಿತು?

ಮಕ್ಕಳೇ, ಹೂವಿನಹಡಗಲಿಯ ಅಜ್ಜ ‘ನುಡಿ’ ಬಳಸಿ ಹಿಂದೆ ಬರೆದಿಟ್ಟ ಮಲ್ಲಿಗೆ ತೋಟದ ಲೆಕ್ಕವನ್ನು ನೀವು ಹೊಸ ಗಣಕಯಂತ್ರದಲ್ಲಿ ತೆರೆದಿರಿ ಎಂದುಕೊಳ್ಳಿ. ಕನ್ನಡ ಮಾಯ! ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. “ನೀನೇ ಕೆಡಿಸಿದೆ” ಎಂದು ಅಜ್ಜ ಗದರಿದರು. ನಿಜವಾಗಿ ಏನಾಯಿತು?

ಗಣಕಯಂತ್ರಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. 80 ಎಂದರೆ ಇಂಗ್ಲಿಷಿನ ‘ಪಿ’. ನುಡಿಯ ಹಳೆಯ ಫಾಂಟುಗಳು ಅದೇ 80ಕ್ಕೆ ತಲೆಕಟ್ಟು ಬಿಟ್ಟ ‘ಕ’ದ ಆಕಾರ ಕೊಟ್ಟಿದ್ದವು. ಆ ಫಾಂಟ್ ಇಲ್ಲದಿದ್ದರೆ ‘ಪಿ’ಯೇ ಕಾಣುತ್ತದೆ. 1991ರಲ್ಲಿ ಬಂದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಗಳಿವೆ. ಅಲ್ಲಿ ‘ಕ’ ಎಂದರೆ 3221.

ಆದ್ದರಿಂದ ಗಾಬರಿಯಾಗಿ ಕಡತ ಅಳಿಸಬೇಡಿ. ಮೊದಲು ಅದರ ಪ್ರತಿ ಮಾಡಿಕೊಳ್ಳಿ. ನಂತರ ಹಳೆಯ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಅಜ್ಜನ ಲೆಕ್ಕ ಅಲ್ಲೇ ಇದೆ!