ನೆಲ ಹೆಪ್ಪುಗಟ್ಟುವ ಊರಿನಲ್ಲಿ ಅಂಗಳ, ಕೈತೋಟದ ರಕ್ಷಣೆ: ಮುಖ್ಯಾಂಶಗಳು

ವ್ಯಾಪ್ತಿ: ಅಮೆರಿಕದ ಉತ್ತರದ ರಾಜ್ಯಗಳು ಮತ್ತು ಕೆನಡಾ.

ಮೂಲಸೂತ್ರ: ಚಳಿಗಾಲದ ಹಾನಿಯ ಬಹುಪಾಲಿಗೆ ನೀರೇ ಕಾರಣ. ಒಂದೋ ಅದು ಹೆಪ್ಪುಗಟ್ಟುತ್ತದೆ, ಇಲ್ಲವೇ ಬೇರಿಗೆ ಸಿಗುವುದಿಲ್ಲ. ಇದು ಮನದಟ್ಟಾದರೆ ಮುಂದಿನ ಹಲವು ಅಂಶಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ವಲಯ ನಕ್ಷೆ: ಯಾವ ಗಿಡ ಎಲ್ಲಿನ ಚಳಿ ತಾಳುತ್ತದೆ ಎಂದು ತಿಳಿಯಲು ಬಳಸುವ ಇದು ಅಮೆರಿಕದ ಕೃಷಿ ಇಲಾಖೆಯದು. ಮೊದಲ ಪ್ರಕಟಣೆ 1960, ಈಚಿನದು 2023. ಒಟ್ಟು 13 ವಲಯ. ಒಂದೊಂದರ ವ್ಯಾಪ್ತಿ 10 ಡಿಗ್ರಿ ಫ್ಯಾರನ್‌ಹೀಟ್. ಆಧಾರ, ಪ್ರತಿ ವರ್ಷದ ಅತಿ ಕನಿಷ್ಠ ಉಷ್ಣಾಂಶದ ಸರಾಸರಿ. ಮಳೆ, ಮಣ್ಣು, ಬೇಸಿಗೆಯ ಬಿಸಿ ಇದರ ಲೆಕ್ಕಕ್ಕೆ ಬರುವುದಿಲ್ಲ.

ಹೊದಿಕೆ: ತರಗೆಲೆ, ಹುಲ್ಲು ಅಥವಾ ತೊಗಟೆಚೂರು, 5ರಿಂದ 10 ಸೆಂ.ಮೀ. ದಪ್ಪ. ಬಹುವಾರ್ಷಿಕ ಗಿಡಗಳಿಗೆ ಇದನ್ನು ಹಾಸಬೇಕಾದದ್ದು ನೆಲ ಹೆಪ್ಪುಗಟ್ಟಿದ ಮೇಲೆ. ವಿಚಿತ್ರವೆನಿಸಿದರೂ ಕಾರಣ ಸ್ಪಷ್ಟ: ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಮಣ್ಣು ಉಬ್ಬಿ, ಮೇಲ್ಬೇರಿನ ಗಿಡಗಳನ್ನು ಕಿತ್ತು ಹೊರಹಾಕುತ್ತದೆ. ನೆಲವನ್ನು ಒಂದೇ ಸಮ ತಣ್ಣಗಿಡುವುದೇ ಹೊದಿಕೆಯ ಕೆಲಸ. ಬೀಳುವ ಹಿಮವೂ ಇದನ್ನೇ ಮಾಡುತ್ತದೆ. ಪಾತಿಗಳ ಮೇಲಿನ ಹಿಮವನ್ನು ಬಾಚಿ ತೆಗೆಯಬಾರದು. ಕಾಂಡಕ್ಕೆ ಹೊದಿಕೆ ತಾಗಿಸಿದರೆ ಇಲಿಗಳು ಅದರಡಿ ಸೇರಿ ತೊಗಟೆ ಕಡಿಯುತ್ತವೆ. ಎಳೆಮರಗಳಿಗೆ ಸುತ್ತ ತಂತಿಬಲೆ ಬೇಕು.

ನಿತ್ಯಹಸಿರು ಗಿಡಗಳು: ಚಳಿಗಾಲದ ಬಿಸಿಲುಗಾಳಿಗೆ ಎಲೆ ನೀರು ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರು ಅದನ್ನು ಮರಳಿ ಎಳೆಯಲಾರದು. ಎಲೆ ಕಂದಾಗುವುದು ಹೀಗೆ. ನೆಲ ಹೆಪ್ಪುಗಟ್ಟುವ ತನಕ ಆಳವಾಗಿ ನೀರುಣಿಸುವುದೇ ಪರಿಹಾರ.

ಎಳೆ ಮೇಪಲ್: ನೈಋತ್ಯ ದಿಕ್ಕಿನ ತೊಗಟೆ ಸಂಜೆಬಿಸಿಲಿಗೆ ಕಾದು, ಇರುಳು ಹಠಾತ್ತನೆ ತಣಿದು ಸೀಳುತ್ತದೆ. ಬಿಳಿ ಪಟ್ಟಿ ಸುತ್ತಬೇಕು.

ಶರತ್ಕಾಲದ ಕೊನೆಯಲ್ಲಿ ಕತ್ತರಿಸುವಿಕೆ, ಸಾರಜನಕ ಗೊಬ್ಬರ ಎರಡೂ ಬೇಡ. ಇವುಗಳಿಂದ ಹೊರಡುವ ಎಳೆಚಿಗುರು ಚಳಿ ತಾಳದು.

ಕೊಳಾಯಿ: ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಾಗಾಗಿ ಕೊಳವೆ ಒಡೆಯದಂತೆ ಹೊರಗಿನ ನಲ್ಲಿಯನ್ನು ಒಳಗಿನಿಂದ ಬಂದ್ ಮಾಡಿ, ಕೊಳವೆ ಖಾಲಿ ಮಾಡಬೇಕು.

ಉಪ್ಪು: ಹಾದಿಯ ಮಂಜು ಕರಗಿಸುವ ಸೋಡಿಯಂ ಕ್ಲೋರೈಡ್ ಪಕ್ಕದ ಹುಲ್ಲು, ಬೇಲಿಗಿಡಗಳನ್ನು ಸುಡುತ್ತದೆ. ಕಾಲು ಜಾರದಂತೆ ಮಾಡಲು ಮರಳು ಸಾಕು.

ಕರಿಬೇವು: ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಇದು ಕುಂಡದ ಗಿಡ. ಇರುಳಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಒಳಗೆ, ಬಿಸಿಲು ಬೀಳುವ ಕಿಟಕಿ ಬಳಿ ಇಡಬೇಕು. ಎಲೆಯೆಲ್ಲ ಉದುರಿದರೂ ಎಸೆಯಬಾರದು, ಅದು ಸುಪ್ತಾವಸ್ಥೆಯಾಗಿರಬಹುದು. ಕಾಂಡವನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಜೀವವಿದೆ. ಈ ಹಂತದಲ್ಲಿ ಅದನ್ನು ಕೊಲ್ಲುವುದು ಹೆಚ್ಚಾಗಿ ಅತಿಯಾದ ನೀರು. ಮೇಲ್ಮಣ್ಣು ಒಣಗಿದ ಮೇಲಷ್ಟೇ ಹಾಕಬೇಕು.