ನಮ್ಮ ಕಡಲಿಗೆ ನಮ್ಮದೇ ಬಣ್ಣ, ಅಳಿಯಾ

ಕೆಲಸ ಬಿಟ್ಟು ಊರಿಗೆ ಬರ್ತೇನೆ, ಕಡಲಿನ ಫೋಟೋ ತೆಗೀತೇನೆ, ಸರ್ಫ್‌ಬೋರ್ಡಿಗೆ ಚಿತ್ರ ಬರೀತೇನೆ ಅಂತ ನೀನು ಹೇಳಿದ ಮೇಲೆ ಅಕ್ಕನಿಗೆ ನಿದ್ದೆ ಇಲ್ಲ. ‘ಅವನ ತಲೆಗೆ ಕ್ಯಾಮೆರಾದ ಹುಳ ಬಿಟ್ಟವನು ನೀನೇ, ಬುದ್ಧಿ ಹೇಳುವವನೂ ನೀನೇ ಆಗು’ ಎಂದು ನನಗೆ ಫೋನ್ ಮಾಡಿದಳು. ಸ್ಟುಡಿಯೋ ಇಟ್ಟುಕೊಂಡು ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜಿನಲ್ಲೇ ಸಂಸಾರ ದಾಟಿಸಿದವನು ನಾನು. ಕ್ಯಾಮೆರಾ ಎಷ್ಟು ಅನ್ನ ಹಾಕುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತು. ಹಾಗಾಗಿ ನಾಲ್ಕು ಮಾತು ಕೇಳು. ಆಮೇಲೆ ನಿನ್ನಿಷ್ಟ.

ಸಂಬಳದ ಕೆಲಸವನ್ನು ಈಗಲೇ ಒದ್ದು ಬರಬೇಡ. ಲೆರಾಯ್ ಗ್ರಾನಿಸ್ ಅಂತ ಕ್ಯಾಲಿಫೋರ್ನಿಯಾದವರೊಬ್ಬರಿದ್ದರು, ಟೆಲಿಫೋನ್ ಕಂಪನಿಯ ನೌಕರ. ನಲವತ್ತು ದಾಟಿದ ಮೇಲೆ ಕೆಲಸದ ಒತ್ತಡಕ್ಕೆ ಆರೋಗ್ಯ ಕೆಟ್ಟು, ಏನಾದರೂ ಹವ್ಯಾಸ ಹಿಡಿಯಿರಿ ಎಂದು ಡಾಕ್ಟರು ಹೇಳಿದರಂತೆ. ಅವರು ಹಿಡಿದದ್ದು ಕ್ಯಾಮೆರಾ. ಮನೆಯ ಗ್ಯಾರೇಜಿನಲ್ಲೇ ಡಾರ್ಕ್‌ರೂಮ್ ಮಾಡಿಕೊಂಡರು. ನೀರಿನಲ್ಲಿದ್ದುಕೊಂಡೇ ರೋಲು ಬದಲಾಯಿಸಲು ಒಂದು ಪೆಟ್ಟಿಗೆಯನ್ನೂ ತಾವೇ ಕಟ್ಟಿಕೊಂಡರು. 1960ರ ದಶಕದ ಸರ್ಫಿಂಗ್ ಎಂದರೆ ಇವತ್ತು ಕಣ್ಣಿಗೆ ಬರುವುದು ಹೆಚ್ಚಾಗಿ ಆ ಟೆಲಿಫೋನ್ ನೌಕರ ತೆಗೆದ ಚಿತ್ರಗಳೇ. ಹೊಟ್ಟೆಪಾಡು ಬೇರೆ ಕಡೆಯಿಂದ ನಡೆಯುತ್ತಿದ್ದರೆ ನಿನ್ನ ಕಣ್ಣನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ ಮಾರಾಯ. ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಬಿಟ್ಟರೆ ಬಾ. ಬಿಡದಿದ್ದರೆ ಶುಕ್ರವಾರ ರಾತ್ರಿಯ ಬಸ್ಸು ಇದ್ದೇ ಇದೆ.

ಫೋಟೋ, ಚಿತ್ರ ಎರಡನ್ನೂ ಒಟ್ಟಿಗೆ ಮಾಡಬಹುದಾ ಎಂದು ಕೇಳಿದ್ದಿ. ಧಾರಾಳ ಮಾಡಬಹುದು. ಜಾನ್ ಸೆವರ್ಸನ್ ಚಿತ್ರ ಬರೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಸಿನಿಮಾನೂ ಮಾಡುತ್ತಿದ್ದರು. 1960ರಲ್ಲಿ ತಮ್ಮ ಸಿನಿಮಾದ ಪ್ರಚಾರಕ್ಕೆಂದು ತಂದ ಪುಸ್ತಿಕೆಯೇ ಮುಂದೆ ‘ಸರ್ಫರ್’ ಪತ್ರಿಕೆಯಾಯಿತು. ಆದರೆ ಒಂದು ವಿಷಯ ಗಮನಿಸು. ಇವರಿಬ್ಬರೂ ತೋರಿಸಿದ್ದು ತಾವು ಇಳಿದು ಮಿಂದ ಕಡಲನ್ನು.

ನೀನು ಕಳಿಸಿದ ಮೂರು ಬೋರ್ಡುಗಳ ಚಿತ್ರ ನೋಡಿದೆ. ಒಂದರಲ್ಲಿ ಸೂರ್ಯಾಸ್ತ ಮತ್ತು ಬಾಗಿದ ತಾಳೆ ಮರ, ಒಂದರಲ್ಲಿ ಹವಾಯಿಯ ದಾಸವಾಳ, ಇನ್ನೊಂದರಲ್ಲಿ ಜಪಾನಿನ ಹೊಕುಸಾಯ್ ಬರೆದ ಅಲೆ. ಕೈ ಚೆನ್ನಾಗಿದೆ, ಗೆರೆಯಲ್ಲಿ ಅಳುಕಿಲ್ಲ. ಆದರೆ ಇವನ್ನು ಬಾಲಿಯಲ್ಲಿ ಮಾರಿದರೂ ಅಷ್ಟೆ, ಗೋವಾದಲ್ಲಿ ಮಾರಿದರೂ ಅಷ್ಟೆ. ದಾಸವಾಳ ಬೇಕಾದರೆ ಅಜ್ಜಿಯ ಬೇಲಿಯಲ್ಲೇ ಇತ್ತಲ್ಲ, ದಿನಾ ದೇವರಿಗೆ ಕೊಯ್ಯುತ್ತಿದ್ದೆವು. ಅದನ್ನು ನೋಡಿ ಬರೆದಿದ್ದರೆ ಎಸಳು ಬೇರೆ ಥರ ಬರುತ್ತಿತ್ತು.

ನಮ್ಮ ಕಡೆ ಸರ್ಫಿಂಗ್ ಹೊಸತು. ಮೂಲ್ಕಿಯಲ್ಲಿ ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದವರು ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದ್ದು 2004ರಲ್ಲಿ, ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಮೊದಲು ನಡೆದದ್ದು 2016ರಲ್ಲಿ. ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬ ಸಂಪ್ರದಾಯ ಇಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನು ಹುಟ್ಟಿಸುವ ಅವಕಾಶ ನಿನ್ನ ಕೈಗೆ ಪುಕ್ಕಟೆ ಬಂದಿರುವಾಗ ಹವಾಯಿಯಿಂದ ಸಾಲ ಯಾಕೆ?

ಅದಕ್ಕೆ ನನ್ನ ಸಲಹೆ ಒಂದೇ: ಒಂದು ತುಂಡು ಕಡಲಕರೆ ಹಿಡಿ. ಗೋಕರ್ಣ, ಮರವಂತೆ, ಕಾಪು ಎಂದು ಓಡಬೇಡ. ನಿನಗೆ ಹತ್ತಿರ ಸಸಿಹಿತ್ಲು. ಶಾಂಭವಿಯೂ ನಂದಿನಿಯೂ ಕೂಡಿಕೊಂಡು ಕಡಲಿಗೆ ಇಳಿಯುವ ಅಳಿವೆ. ಅಲ್ಲಿನ ಮರಳು ಒಂದು ಮಳೆಗಾಲ ಇದ್ದ ಹಾಗೆ ಇನ್ನೊಂದು ಮಳೆಗಾಲಕ್ಕೆ ಇರುವುದಿಲ್ಲ. ನೀರಡಿಯ ಮರಳದಿಬ್ಬ ಸರಿದ ಹಾಗೆ ಅಲೆ ಒಡೆಯುವ ಜಾಗವೂ ಸರಿಯುತ್ತದೆ. ಕಳೆದ ವರ್ಷ ನಿಂತು ಫೋಟೋ ತೆಗೆದ ಜಾಗವನ್ನೇ ಈ ವರ್ಷ ಕಡಲು ತಿಂದಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಪ್ರವಾಸಿಗರೂ ಇಲ್ಲ, ಹೊಸದಾಗಿ ಸರ್ಫಿಂಗ್ ಕಲಿಯುವವರೂ ನೀರಿಗಿಳಿಯುವುದಿಲ್ಲ. ಆಗ ಹೋಗು. ಹೊಳೆ ತಂದ ಕೆಮ್ಮಣ್ಣಿನ ನೀರು ಕಡಲಿನ ಬೂದು ನೀರನ್ನು ಮುಟ್ಟುವಲ್ಲಿ ಒಂದು ಗೆರೆ ಬೀಳುತ್ತದೆ. ಅದು ನೇರ ಇರುವುದಿಲ್ಲ, ಒಂದೇ ಕಡೆ ನಿಲ್ಲುವುದೂ ಇಲ್ಲ. ಒಂದು ಬೋರ್ಡಿಗೆ ಆ ಎರಡು ಬಣ್ಣ ಸಾಕು. ಆದರೆ ನೋಡುವುದು ದಡದಿಂದ, ತಿಳಿಯಿತಾ? ಮಳೆಗಾಲದ ಅಳಿವೆಗೆ ಇಳಿಯುವ ಶೌರ್ಯ ಬೇಡ.

ಬೆಳಕಿನ ವಿಷಯ ನಿನಗೆ ಅಂದಾಜಿದೆ, ಆದರೂ ಹೇಳುತ್ತೇನೆ. ನಮ್ಮದು ಪಶ್ಚಿಮದ ಕಡಲು. ಸಂಜೆ ಸೂರ್ಯ ಅಲೆಯ ಹಿಂದೆ ಇರುತ್ತಾನೆ, ಅಲೆ ಮೇಲಿನ ಹುಡುಗ ಬರೀ ಕಪ್ಪು ಆಕೃತಿಯಾಗುತ್ತಾನೆ. ಅಂಥ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ಬೆಳಿಗ್ಗೆ ತೆಂಗಿನ ತೋಟದ ಮೇಲಿಂದ ಬಿಸಿಲು ನಿನ್ನ ಬೆನ್ನ ಹಿಂದಿನಿಂದ ಬಂದು ಅಲೆಯ ಮೈಗೆ ನೇರ ಬೀಳುತ್ತದೆ. ಆ ಹೊತ್ತಿನ ಗಾಳಿಯೂ ನೆಲದಿಂದ ಕಡಲಿಗೆ ಬೀಸುವುದರಿಂದ ಅಲೆಯ ಮೈ ನುಣ್ಣಗಿರುತ್ತದೆ. ಹೊತ್ತೇರಿದ ಮೇಲೆ ಗಾಳಿ ತಿರುಗಿ ಎಲ್ಲ ಕದಡಿಬಿಡುತ್ತದೆ. ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡ. ಬೆಳಕಿನ ಲೆಕ್ಕ ನೊರೆಯನ್ನು ನೋಡಿ ಮಾಡು. ನೊರೆಯ ಬಿಳುಪು ಒಮ್ಮೆ ಸುಟ್ಟುಹೋದರೆ ಕಂಪ್ಯೂಟರಿನಲ್ಲಿ ಎಷ್ಟು ಒದ್ದಾಡಿದರೂ ವಾಪಸ್ ಬರುವುದಿಲ್ಲ.

ಉಪ್ಪುಗಾಳಿಯಲ್ಲಿ ಲೆನ್ಸ್ ಬದಲಾಯಿಸಬೇಡ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸು. ಮಳೆಗಾಲದ ದೊಡ್ಡ ಶತ್ರು ಫಂಗಸ್. ಚರ್ಮದ ಚೀಲದಲ್ಲಿಟ್ಟ ಲೆನ್ಸು ಆಟಿ ತಿಂಗಳು ಕಳೆದು ತೆಗೆಯುವಾಗ ಗಾಜಿನೊಳಗೆ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತದೆ. ನಮ್ಮ ಕಾಲದ ಸ್ಟುಡಿಯೋಗಳಲ್ಲಿ ಮರದ ಪೆಟ್ಟಿಗೆಯೊಳಗೆ ಒಂದು ಜೀರೋ ಬಲ್ಬ್ ಉರಿಸಿ ಲೆನ್ಸ್ ಇಡುತ್ತಿದ್ದೆವು. ಈಗ ತೇವಾಂಶ ಹಿಡಿತದಲ್ಲಿಡುವ ಕಪಾಟೇ ಸಿಗುತ್ತದೆ. ನಲವತ್ತು, ನಲವತ್ತೈದು ಶೇಕಡಾದಲ್ಲಿ ನಿಲ್ಲಿಸಿದರೆ ಸಾಕು. ಹೊಸ ಲೆನ್ಸ್ ಆಮೇಲೆ, ಮೊದಲು ಆ ಕಪಾಟು ತೆಗೆದುಕೋ.

ಇನ್ನು ಬೋರ್ಡು. ಅದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಕಡಲಿನ ಪೆಟ್ಟು ತಿನ್ನುವ ಸಾಮಾನು. ಮೇಲ್ಭಾಗದಲ್ಲಿ ಕಾಲು ಜಾರದಿರಲೆಂದು ವ್ಯಾಕ್ಸ್ ಉಜ್ಜುತ್ತಾರೆ. ಅಲ್ಲಿ ನೀನು ಎಷ್ಟು ನಾಜೂಕಾಗಿ ಬರೆದರೂ ಮೇಣದಡಿ ಮುಚ್ಚಿಹೋಗುತ್ತದೆ. ಅಡಿಭಾಗ ನೋಡು. ಹುಡುಗ ಅಲೆಯ ನೆತ್ತಿಗೆ ಹೋಗಿ ಗಕ್ಕನೆ ತಿರುಗುವಾಗ ದಡದಲ್ಲಿ ನಿಂತವರಿಗೆ ಒಂದು ಕ್ಷಣ ಕಾಣುವುದು ಅದೇ. ಕ್ಯಾಮೆರಾ ಹಿಡಿದು ಅಲ್ಲೇ ನಿಲ್ಲುವ ನಿನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿರಬೇಕು? ಅಷ್ಟು ದೂರದಿಂದ ಓದಿಸಿಕೊಳ್ಳುವ ದೊಡ್ಡ ಆಕಾರ ಅಡಿಗೆ ಬರೆ. ಸಣ್ಣ ಕುಸುರಿಯನ್ನು ಮೂಗಿನ ಹತ್ತಿರ ಇಡು, ಕಂಕುಳಲ್ಲಿ ಇಟ್ಟುಕೊಂಡು ಹೋಗುವಾಗ ಕಾಣಲಿ.

ಹಳೆ ಬೋರ್ಡಾದರೆ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ವ್ಯಾಕ್ಸ್ ಮೆತ್ತಗಾದ ಮೇಲೆ ಕೆರೆದು ತೆಗೆ, ಜಿಡ್ಡು ಒರೆಸು, 400 ನಂಬರಿನ ಮರಳು ಕಾಗದದಿಂದ ಹಗುರವಾಗಿ ಉಜ್ಜಿ ಹೊಳಪು ಕಳೆ. ಜಿಡ್ಡಿನ ಮೇಲೆ ಬಳಿದ ಬಣ್ಣ ಸಿಪ್ಪೆ ಏಳುತ್ತದೆ. ಅದರ ಮೇಲೆ ನೀರಿನ ಆಕ್ರಿಲಿಕ್ ಅಥವಾ ಪೋಸ್ಕಾ ಪೆನ್ನು, ಪೂರ್ತಿ ಒಣಗಿದ ಮೇಲೆ ಪಾರದರ್ಶಕ ಲೇಪ. ಹೊಸ ಬೋರ್ಡಾದರೆ ಫೈಬರ್ ಹೊದಿಸುವ ಮೊದಲು ಫೋಮಿನ ಮೇಲೇ ಬರೆಯಬಹುದು. ಆಗ ಚಿತ್ರ ರಾಳದ ಒಳಗೆ ಸುರಕ್ಷಿತ. ಒಳಗಿರುವುದು ಪಾಲಿಯುರೆಥೇನೋ ಥರ್ಮಾಕೋಲಿನ ಜಾತಿಯ ಇಪಿಎಸ್ಸೋ ಎಂದು ಮೊದಲು ಕೇಳು. ಇಪಿಎಸ್‌ಗೆ ಎಪಾಕ್ಸಿಯೇ ಆಗಬೇಕು, ಪಾಲಿಯೆಸ್ಟರ್ ರಾಳ ಹಚ್ಚಿದರೆ ಫೋಮ್ ಕರಗಿ ಗುಂಡಿ ಬೀಳುತ್ತದೆ. ಕಪ್ಪು, ಕಡುನೀಲಿ ಇಡೀ ಬೋರ್ಡಿಗೆ ಬಳಿಯಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಕಾದು, ಮೇಲಿನ ಪದರ ಬಿಟ್ಟುಕೊಂಡು ಉಬ್ಬುತ್ತದೆ. ಬೋರ್ಡುಗಳು ಹೆಚ್ಚಾಗಿ ಬಿಳಿ ಇರುವುದು ಚಂದಕ್ಕೆ ಮಾತ್ರ ಅಂದುಕೊಂಡಿದ್ದೆಯಾ?

ಬಣ್ಣದ ಗುರು ಬೇಕಾದರೆ ಮಲ್ಪೆ ಬಂದರಿಗೆ ಹೋಗು. ಹೊಸ ಋತುವಿಗೆ ಮೊದಲು ಬೋಟುಗಳಿಗೆ ಬಣ್ಣ ಬಳಿದು ಮೂತಿಯ ಮೇಲೆ ದೇವರ ಹೆಸರು ಬರೆಯುವವರು ಅಲ್ಲಿರುತ್ತಾರೆ. ಬಾಗಿದ ಹಲಗೆಯ ಮೇಲೆ ‘ಶ್ರೀ’ ಅಕ್ಷರ ಕೆಳಗಿನಿಂದ ನೋಡಿದರೂ ಸೊಟ್ಟ ಕಾಣದ ಹಾಗೆ ಹೇಗೆ ಎಳೆಯುತ್ತಾರೆ ನೋಡು. ನಿನ್ನ ಬೋರ್ಡೂ ಬಾಗಿದ್ದೇ ತಾನೇ. ಯಾವ ಆರ್ಟ್ ಸ್ಕೂಲೂ ಇದನ್ನು ಹೇಳಿಕೊಡುವುದು ಸಂಶಯ. ಕೈಕಟ್ಟಿ ನಿಲ್ಲಬೇಡ, ಡಬ್ಬಿ ಹಿಡಿದುಕೊಡು.

ಹಾಗೆಯೇ ಕೈರಂಪಣಿ ಬಲೆ ಎಳೆಯುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳು. ಬಲೆ ಭಾರ ಇದ್ದರೆ ಕ್ಯಾಮೆರಾ ಕೆಳಗಿಟ್ಟು ಹಗ್ಗಕ್ಕೆ ಕೈ ಹಾಕು. ಆಮೇಲೆ ಫೋಟೋದ ಪ್ರಿಂಟ್ ಹಾಕಿಸಿ ತಲುಪಿಸು, ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡ.

ಕೊನೆಗೆ ದುಡ್ಡು. ರೆಸಾರ್ಟಿನವರು ಸ್ವಾಗತ ಕೋಣೆಗೆ ಬೋರ್ಡು ಬರೆದುಕೊಡು, ಜಾಹೀರಾತಿಗೆ ಫೋಟೋ ತೆಗೆದುಕೊಡು ಎಂದು ಬರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಒಮ್ಮೆ ಓದಿಕೋ. ಒಬ್ಬರು ಹೇಳಿ, ಹಣ ಕೊಟ್ಟು ಮಾಡಿಸಿಕೊಂಡ ಫೋಟೋಕ್ಕೂ ಚಿತ್ರಕ್ಕೂ ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಹಕ್ಕುದಾರರು ಹಣ ಕೊಟ್ಟವರೇ. ನಿನ್ನ ಚಿತ್ರವನ್ನು ನಾಳೆ ಟೀಶರ್ಟಿಗೆ ಹಾಕಿ ಮಾರಿದರೆ ಕೇಳುವ ಹಾಗಿಲ್ಲ. ಹಾಗಾಗಿ ಹಕ್ಕು ನನ್ನದು, ನಿಮಗೆ ಇಂಥದ್ದಕ್ಕೆ ಮಾತ್ರ ಬಳಸಲು ಅನುಮತಿ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪ್ರಚಾರ ಸಿಗುತ್ತದೆ, ದುಡ್ಡು ಯಾಕೆ ಎನ್ನುವವರಿಗೆ ಒಂದು ಬೊಂಡ ಕೊಟ್ಟು ಕಳಿಸು. ಅರ್ಧ ಮುಂಗಡ ಕೈಗೆ ಬಾರದೆ ಬ್ರಶ್ ಮುಟ್ಟಬೇಡ, ಸಂಬಂಧಿಕರ ಬೋರ್ಡಾದರೂ ಅಷ್ಟೆ.