ಮನೆಯವರ ಕಾರು, ನಿನ್ನ ಕಾರು



ಎರಡೇ ಸೀಟಿನ ಕಾರು ಇಟ್ಟುಕೊಂಡವನ ಮನೆಗೆ ಮೂರನೆಯ ಜೀವ ಬಂತೆಂದರೆ ಬಂಧುಬಳಗದ ಮಾತು ಒಂದೇ: “ಇನ್ನು ಅದನ್ನ ಮಾರಿಬಿಡು, ಎಲ್ಲರಿಗೂ ಆಗೋ ಹಾಗೆ ಒಂದು ದೊಡ್ಡ ಗಾಡಿ ತಗೋ.” ಗೆಳೆಯರ ಸಲಹೆ ಬೇರೆ. ಓಟವೂ ಇರಬೇಕು, ಜಾಗವೂ ಇರಬೇಕು, ಅಂಥದೊಂದು ಜೋರಾದ ಎಸ್‌ಯುವಿ ಕೊಂಡುಬಿಡು ಎನ್ನುತ್ತಾರೆ. ಈ ಪತ್ರ ಎರಡನ್ನೂ ಒಪ್ಪುವುದಿಲ್ಲ. ಸಾಕುವ ಶಕ್ತಿ ಇರುವ ತನಕ ಸ್ಪೋರ್ಟ್ಸ್ ಕಾರು ಇರಲಿ. ಅದೊಂದು ಮನೆಯಲ್ಲಿ ಇರುವುದರಿಂದಲೇ ಇನ್ನೊಂದನ್ನು ಕೊಳ್ಳುವಾಗ ನೀನು ನಿನ್ನ ಆಸೆಗಳನ್ನು ಬದಿಗಿಟ್ಟು, ಹಿಂದಿನ ಸೀಟಿನಲ್ಲಿ ಕೂರುವವರ ಕಣ್ಣಿನಿಂದ ನೋಡಬಹುದು.

ಈ ಇಕ್ಕಟ್ಟು ಕಾರು ತಯಾರಿಸುವವರನ್ನೂ ಬಿಟ್ಟಿಲ್ಲ. 1990ರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿಯ ಸ್ಥಿತಿ ಚಿಂತಾಜನಕವಾಗಿತ್ತು. 1996ರಲ್ಲಿ ಬಂದ ಬಾಕ್ಸ್‌ಸ್ಟರ್ ಎಂಬ ಎರಡು ಸೀಟಿನ ಕಾರು ಉಸಿರು ಕೊಟ್ಟಿತು. 2002ರಲ್ಲಿ ಕಯೆನ್ ಎಂಬ ಎತ್ತರದ, ಐದು ಜನರ ಗಾಡಿ ಬಂದಾಗ ಅಭಿಮಾನಿಗಳು ಕೆಂಡವಾದರು. ಪೋರ್ಷೆಯ ಮಾನ ಹೋಯಿತು ಎಂದರು. ಆದದ್ದು ತದ್ವಿರುದ್ಧ. ಕಯೆನ್ ಚೆನ್ನಾಗಿ ಮಾರಾಟವಾಯಿತು, ಆ ದುಡ್ಡಿನ ಬಲದಲ್ಲಿ 1963ರಿಂದ ನಡೆದುಬಂದ 911 ಇನ್ನಷ್ಟು ಹರಿತವಾಯಿತು. ಲ್ಯಾಂಬೊರ್ಗಿನಿ 2017ರ ಡಿಸೆಂಬರ್‌ನಲ್ಲಿ ಉರುಸ್ ತೋರಿಸಿತು. ಈಗ ಅವರ ಮಾರಾಟದ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ಬಹುಕಾಲ ತಡೆದುಕೊಂಡಿದ್ದ ಫೆರಾರಿಯೂ 2022ರಲ್ಲಿ ಪುರೊಸಾಂಗ್ವೆ ಎಂಬ ನಾಲ್ಕು ಬಾಗಿಲಿನ ಕಾರು ತಂದಿತು. ಕಯೆನ್ ಕೂಡ ಜೋರಾಗಿಯೇ ಓಡುತ್ತದಲ್ಲ ಎಂದು ನೀನು ವಾದಿಸಬಹುದು. ಓಡುತ್ತದೆ, ಸರಿ. ಆದರೆ ಅದಿದೆ ಎಂದು ಆ ಕಂಪನಿ 911 ನಿಲ್ಲಿಸಲಿಲ್ಲ ಎಂಬುದನ್ನೂ ಗಮನಿಸು.

ಮಧ್ಯಮ ಬೆಲೆಯಲ್ಲಿ ಓಟ, ಜಾಗ ಎರಡೂ ಸಿಗುತ್ತವೆ ಎಂದು ಮಾರುವ ಗಾಡಿಗಳ ಕಥೆ ಉಪ್ಪಿನಕಾಯಿ ಭರಣಿಯಲ್ಲಿ ಅನ್ನ ಮಾಡಿದ ಹಾಗೆ. ಚಂದ ಕಾಣಲೆಂದು ದೊಡ್ಡ ಅಲಾಯ್ ಚಕ್ರ ಹಾಕುತ್ತಾರೆ, ಅದರ ಸುತ್ತ ತೆಳ್ಳಗಿನ ಟೈರು. ತಿರುವಿನಲ್ಲಿ ವಾಲಬಾರದೆಂದು ಸಸ್ಪೆನ್ಶನ್ ಬಿಗಿ ಮಾಡುತ್ತಾರೆ. ಚಾಲಕನಿಗೆ ಅದು ಖುಷಿ. ಹಿಂದೆ ಕುಳಿತ ಅಜ್ಜಿಗೆ ಪ್ರತಿಯೊಂದು ಗುಂಡಿಯ ಲೆಕ್ಕ ಬೆನ್ನಿಗೆ ಗೊತ್ತಾಗುತ್ತದೆ. ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಮಗು ವಾಂತಿ ಮಾಡಿಕೊಂಡಿರುತ್ತದೆ. ನಿನಗೆ ಆ ಬಿಗಿ ಬೇಕೆನಿಸಿದಾಗ ಏರಿ ಕೂರಲು ಇನ್ನೊಂದು ಕಾರು ಮನೆಯಲ್ಲೇ ಇದೆ. ಹಾಗಿರುವಾಗ ಇದರಲ್ಲೂ ಅದನ್ನೇ ಯಾಕೆ ಹುಡುಕಬೇಕು?

ಮನೆಯವರ ಕಾರು ಹೇಗಿರಬೇಕು ಎಂಬುದಕ್ಕೆ ಉದಾಹರಣೆ ಬೆಂಗಳೂರಿನ ಪಕ್ಕದ ಬಿಡದಿಯಲ್ಲೇ ಇದೆ. ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ರಸ್ತೆಗಿಳಿದಾಗ ಅದರ ಡಬ್ಬದಂಥ ರೂಪ ಕಂಡು ಮೂಗು ಮುರಿದವರು ಬಹಳ. ಆದರೂ ಟ್ಯಾಕ್ಸಿಯವರು, ಕಾಲ್‌ಸೆಂಟರ್‌ನವರು, ಕೂಡುಕುಟುಂಬದವರು ಮುಗಿಬಿದ್ದು ಕೊಂಡರು. 2005ರಲ್ಲಿ ಇನೋವಾ, 2016ರಲ್ಲಿ ಕ್ರಿಸ್ಟಾ, 2022ರ ನವೆಂಬರ್‌ನಲ್ಲಿ ಹೈಕ್ರಾಸ್. ಕ್ರಿಸ್ಟಾ ಹಳೆಯ ಪದ್ಧತಿಯದು: ಪ್ರತ್ಯೇಕ ಚಾಸಿ, ಹಿಂದಿನ ಚಕ್ರಗಳಿಗೆ ಶಕ್ತಿ, ಡೀಸೆಲ್ ಎಂಜಿನ್. ಹೈಕ್ರಾಸ್‌ನಲ್ಲಿ ಚಾಸಿಯೂ ಮೈಯೂ ಒಂದೇ, ಎಳೆಯುವುದು ಮುಂದಿನ ಚಕ್ರ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,750 ಮಿ.ಮೀ.ನಿಂದ 2,850ಕ್ಕೆ ಏರಿದೆ. ಆ 100 ಮಿ.ಮೀ. ಎಲ್ಲಿ ಹೋಯಿತು ಎಂದು ಕೊನೆಯ ಸಾಲಿನಲ್ಲಿ ಕುಳಿತವರ ಮಂಡಿಯನ್ನು ಕೇಳಬೇಕು. ಹೈಬ್ರಿಡ್ ಮಾದರಿಯಾದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಆಮೆ ನಡಿಗೆಯಲ್ಲಿ ಸಾಗುವಾಗ ಎಂಜಿನ್ ಎಷ್ಟೋ ಹೊತ್ತು ಆರಿರುತ್ತದೆ, ಮೋಟಾರೇ ಗಾಡಿಯನ್ನು ದೂಡುತ್ತದೆ, ಬ್ರೇಕ್ ಹಿಡಿದಾಗ ಪೋಲಾಗುವ ಶಕ್ತಿಯಲ್ಲಿ ಒಂದಿಷ್ಟು ಬ್ಯಾಟರಿಗೆ ಮರಳುತ್ತದೆ. ಇದರಲ್ಲಿ ರೋಮಾಂಚನ ಏನೂ ಇಲ್ಲ.

ಆದರೆ ಏಳು ಸೀಟು ಎಲ್ಲರಿಗೂ ಬೇಕಾಗಿಲ್ಲ. ಮನೆಯಲ್ಲಿ ದಿನನಿತ್ಯ ಇರುವವರು ಮೂವರು, ಊರಿನಿಂದ ಅಪ್ಪ ಅಮ್ಮ ಬರುವುದು ಹಬ್ಬಕ್ಕೆ ಎಂದಾದರೆ ಅಷ್ಟು ದಿನಕ್ಕೆ ಚಾಲಕನ ಸಮೇತ ಇನೋವಾ ಬಾಡಿಗೆಗೆ ತಂದರಾಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಬದಲಾವಣೆಯೂ ಸಣ್ಣ ಕಾರಿನ ಪರವಾಗಿದೆ: ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಸಣ್ಣದು ಎಂದರೆ ತಗಡಿನ ಡಬ್ಬ ಎಂಬ ಮಾತು ಈಗ ನಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಮಾರುತಿ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ ಪಡೆಯಿತು. ಸಿಎನ್‌ಜಿ ಮಾದರಿ ಆರಿಸುವ ಮೊದಲು ಮಾತ್ರ ಡಿಕ್ಕಿ ತೆಗೆಸಿ ನೋಡು. ಕೆಲವು ಕಾರುಗಳಲ್ಲಿ ಒಂದೇ ದೊಡ್ಡ ಸಿಲಿಂಡರ್ ಜಾಗವನ್ನೆಲ್ಲ ನುಂಗಿರುತ್ತದೆ, ಕೆಲವರು ಎರಡು ಚಿಕ್ಕವನ್ನು ನೆಲದಡಿ ಸೇರಿಸಿರುತ್ತಾರೆ. ಊರಿಂದ ಹೊರಡುವಾಗ ಅತ್ತೆ ಕಟ್ಟಿಕೊಡುವ ಅಕ್ಕಿ ಮೂಟೆ, ತೆಂಗಿನಕಾಯಿ, ಹಲಸಿನಹಣ್ಣು ಎಲ್ಲಿ ಇಡುತ್ತೀಯ?

ಶೋರೂಮಿನವರು ಸನ್‌ರೂಫ್, ದೊಡ್ಡ ಪರದೆ, ಬಣ್ಣಬಣ್ಣದ ದೀಪ ತೋರಿಸುತ್ತಾರೆ. ನೋಡು, ನಗು, ಮುಂದೆ ಹೋಗು. ಟೆಸ್ಟ್ ಡ್ರೈವ್‌ಗೆ ನಿನ್ನೊಬ್ಬನದೇ ಸವಾರಿ ಬೇಡ. ಅಮ್ಮ ಸೀರೆಯುಟ್ಟು ಹತ್ತಿ ಇಳಿಯಲಿ. ಹೆಂಡತಿ ಓಡಿಸಲಿ. ನೀನು ಹಿಂದಿನ ಸಾಲಿನ ನಡುವೆ ಕುಳಿತು, ಅಲ್ಲಿ ಮೂರು ಬಿಂದುವಿನ ಬೆಲ್ಟ್ ಇದೆಯೇ, ತಲೆಗೆ ಆಸರೆ ಇದೆಯೇ, ಎಸಿ ಗಾಳಿ ಮುಟ್ಟುತ್ತದೆಯೇ ಎಂದು ನೋಡು. ಮಗುವಿನ ಸೀಟನ್ನು ಮನೆಯಿಂದಲೇ ಒಯ್ದು ಐಸೊಫಿಕ್ಸ್ ಕೊಂಡಿಗೆ ಸಿಕ್ಕಿಸಿ, ಅದರ ಪಕ್ಕ ಒಬ್ಬರು ಕೂರಲು ಸಾಧ್ಯವೇ ಎಂದು ಪರೀಕ್ಷಿಸು. ಇದನ್ನೆಲ್ಲ ಮಾಡುವ ಗಿರಾಕಿಯನ್ನು ಸೇಲ್ಸ್‌ನವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಮಗುವಿನ ಸೀಟಿನ ವಿಷಯದಲ್ಲಿ ನಮ್ಮಲ್ಲಿ ಉದಾಸೀನ ಜಾಸ್ತಿ. ತಾಯಿ ತೊಡೆ ಇರುವಾಗ ಅದೇಕೆ ಎನ್ನುತ್ತಾರೆ. ಡಿಕ್ಕಿಯ ಹೊತ್ತಿನಲ್ಲಿ ಹತ್ತು ಕೆ.ಜಿ.ಯ ಕೂಸನ್ನು ಕೈಯಲ್ಲಿ ಹಿಡಿದು ನಿಲ್ಲಿಸುವಷ್ಟು ತೋಳ್ಬಲ ಯಾರಿಗೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇರಲೇಬೇಕು, ತಪ್ಪಿದರೆ ಸಾವಿರ ರೂಪಾಯಿ ದಂಡ. 2023ರ ಅಕ್ಟೋಬರ್ 1ರಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಮಕ್ಕಳ ಸುರಕ್ಷತೆಗೆ 49 ಅಂಕಗಳಲ್ಲಿ ಬೇರೆಯೇ ಮೌಲ್ಯಮಾಪನ ಕೊಡುತ್ತದೆ. ಜಾಹೀರಾತಿನ ನಕ್ಷತ್ರ ನೋಡಿ ಸುಮ್ಮನಾಗದೆ ಆ ಅಂಕವನ್ನು ಓದು. ಬೆಲ್ಟಿನ ವಿಷಯದಲ್ಲಿ ದೊಡ್ಡವರಿಗೂ ಇದೇ ಮಾತು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿಯ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸೇರಿ ಹಿಂದಿನ ಸೀಟಿನ ಇಬ್ಬರು ತೀರಿಕೊಂಡರು, ಮುಂದಿದ್ದ ಇಬ್ಬರು ಉಳಿದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಕಾರು ಸಾಮಾನ್ಯದ್ದೇನಲ್ಲ, ಮರ್ಸಿಡಿಸ್.

ನಿನ್ನ ಎರಡು ಸೀಟಿನ ಕಾರಿನಲ್ಲಿ ಕೂಸನ್ನು ಕೂರಿಸುವ ಆಸೆ ಬರುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂದುಮುಖದ ಮಕ್ಕಳ ಸೀಟು ಇಡುವುದು ಜೀವಕ್ಕೆ ಅಪಾಯ. ಏರ್‌ಬ್ಯಾಗ್ ಆರಿಸುವ ವ್ಯವಸ್ಥೆ ನಿನ್ನ ಕಾರಿನಲ್ಲಿ ಇಲ್ಲದಿದ್ದರೆ ಆ ಆಸೆಗೆ ಕೆಲವು ವರ್ಷ ರಜೆ ಕೊಡು.

ಈಗ ದುಡ್ಡಿನ ಮಾತು, ಸ್ವಲ್ಪ ಕಹಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಮೇಲೆ ಸೆಸ್. ಇದನ್ನು ತಪ್ಪಿಸಲು ಕಡಿಮೆ ತೆರಿಗೆಯ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿ ಸ್ಪೋರ್ಟ್ಸ್ ಕಾರಿನವರಲ್ಲಿ ಇತ್ತು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಅಂಥ ಐಷಾರಾಮಿ ಕಾರುಗಳನ್ನು ಹಿಡಿದು ನಿಲ್ಲಿಸಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ಸುಮಾರು 1.4 ಕೋಟಿ ರೂಪಾಯಿ ಕಟ್ಟಬೇಕಾಯಿತು. ನಿನ್ನ ಕಾರು ಹೊರರಾಜ್ಯದಿಂದ ತಂದದ್ದಾದರೆ ಕಾಗದಪತ್ರ ಮೊದಲು ಸರಿಮಾಡಿಕೋ, ಆಮೇಲೆ ಎರಡನೆಯ ಕಾರಿನ ಬಜೆಟ್ ಬರೆ. ವಯಸ್ಸಾದ ಕಾರನ್ನು ಇಟ್ಟುಕೊಳ್ಳುವುದೂ ಅಗ್ಗವಲ್ಲ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ 20 ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ, ಆಮದು ಕಾರಿಗೆ 80,000.

ವಿಮೆಯಲ್ಲಿ ಒಂದಿಷ್ಟು ಸಮಾಧಾನ ಇದೆ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಓಡಿಸಿದಷ್ಟಕ್ಕೆ ಕಂತು ಕಟ್ಟುವ ಪಾಲಿಸಿಗೂ, ಒಬ್ಬರದೇ ಹಲವು ವಾಹನಗಳನ್ನು ಸೇರಿಸಿದ ಫ್ಲೋಟರ್ ಪಾಲಿಸಿಗೂ ಅನುಮತಿ ಕೊಟ್ಟಿತು. ತಿಂಗಳಿಗೆ ನೂರಿನ್ನೂರು ಕಿ.ಮೀ. ಓಡುವ ಸ್ಪೋರ್ಟ್ಸ್ ಕಾರಿಗೆ ಮೊದಲನೆಯದು ಹೇಳಿ ಮಾಡಿಸಿದ್ದು. ಇವಲ್ಲದೆ ನಿನ್ನ ಹಳೆಯ ಗಾಡಿ ಯಾವುದನ್ನಾದರೂ ಮಾರುತ್ತಿದ್ದರೆ ಅದರ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿನ್ನದು. ಕ್ಲೇಮ್ ಇಲ್ಲದ ಐದು ವರ್ಷ ಕಳೆದಿದ್ದರೆ ಶೇ 50ರ ರಿಯಾಯಿತಿ ಹೊಸ ಕಾರಿಗೆ ವರ್ಗವಾಗುತ್ತದೆ. ಏಜೆಂಟರು ತಾವಾಗಿ ನೆನಪಿಸುವುದು ಅಪರೂಪ.

ಇನ್ನು ಆ ಎರಡು ಸೀಟಿನ ಕಾರಿನ ಆರೈಕೆ. ಮನೆಯವರ ಕಾರು ಬಂದ ಮೇಲೆ ಇದು ವಾರಗಟ್ಟಲೆ ನಿಲ್ಲುತ್ತದೆ, ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಮಾಮೂಲಿ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಎಥನಾಲ್ ತೇವ ಹೀರುತ್ತದೆ. ದೇಶದಲ್ಲಿ ಈ ಮಿಶ್ರಣಕ್ಕೆ, ಅಂದರೆ ಇ20ಗೆ ಹೊಂದುವ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್ ಹೊತ್ತಿಗೆ. ಅದಕ್ಕೂ ಹಳೆಯ ಕಾರಿನ ಕೈಪಿಡಿಯಲ್ಲಿ ಎಷ್ಟರ ತನಕ ಒಪ್ಪಿಗೆ ಎಂದು ಬರೆದಿದೆಯೋ ನೋಡಿಕೊಂಡು, ರಬ್ಬರ್ ಪೈಪುಗಳ ಮೇಲೆ ಕಣ್ಣಿಡು. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸುವುದರಿಂದ ಉಪಯೋಗಕ್ಕಿಂತ ಕೆಡುಕೇ ಜಾಸ್ತಿ. ಎಂಜಿನ್ ಆಯಿಲ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸು. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಟ್ರೆಡ್ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬೇಸ್‌ಮೆಂಟಿನ ಇಲಿಗಳ ಬಗ್ಗೆ ನಿನ್ನ ಮೆಕ್ಯಾನಿಕ್ ಹೇಳುತ್ತಾನೆ, ವೈರು ಕಡಿಸಿಕೊಂಡು ಬಂದ ಕಾರುಗಳ ಪಟ್ಟಿಯೇ ಅವನ ಬಳಿ ಇರುತ್ತದೆ.

ಓಡಿಸುವುದೆಲ್ಲಿ? 2024ರ ಆಗಸ್ಟ್ 1ರಿಂದ ರಾಜ್ಯದ ರಸ್ತೆಗಳಲ್ಲಿ ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಘೋಷಿಸಿದ್ದಾರೆ, ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಕ್ಯಾಮರಾ ಇದೆ. ಆ ಎಂಜಿನ್‌ನ ಪೂರ್ತಿ ಬಲ ನೋಡಬೇಕೆಂದರೆ ಬೆಂಗಳೂರಿನಿಂದ ಒಂದು ದಿನದ ದಾರಿಯಲ್ಲಿ ಎರಡು ರೇಸ್ ಟ್ರ್ಯಾಕ್ ಇವೆ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ವರ್ಷಕ್ಕೊಮ್ಮೆ ಟ್ರ್ಯಾಕ್ ಡೇ ಇದ್ದಾಗ ಹೋಗು. ಹೆಂಡತಿ ಮಗುವನ್ನು ಆ ದಿನ ಮನೆಯಲ್ಲಿ ಬಿಟ್ಟು ಹೋಗುವ ಬಾಕಿಯನ್ನು ಹೇಗೆ ತೀರಿಸುವುದು ಎಂಬುದು ನಿಮ್ಮಿಬ್ಬರ ನಡುವಿನ ವ್ಯವಹಾರ, ಅದರಲ್ಲಿ ಹಿರಿಯರ ಬುದ್ಧಿಮಾತು ನಡೆಯುವುದಿಲ್ಲ.

ಕಡೆಯದಾಗಿ ಪಾರ್ಕಿಂಗ್. ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದೇ ಜಾಗ ಎಂದಾದರೆ ಇಷ್ಟೆಲ್ಲ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಜಾಗದ ಬಾಡಿಗೆಯನ್ನು ಸ್ಪೋರ್ಟ್ಸ್ ಕಾರಿನ ಖಾತೆಗೇ ಬರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಸಿರಿವಂತರ ಬಡಾವಣೆಯಲ್ಲೇ ಕೋಟಿ ಬೆಲೆಯ ಕಾರುಗಳು ನೀರಲ್ಲಿ ಮುಳುಗಿದ್ದವು, ಆದ್ದರಿಂದ ಬೇಸ್‌ಮೆಂಟಿನಲ್ಲಿ ನಿಲ್ಲಿಸುವ ಕಾರಿನ ವಿಮೆಗೆ ಎಂಜಿನ್ ರಕ್ಷಣೆ ಸೇರಿಸು, ನೀರು ನುಗ್ಗಿದ ದಿನ ಮಾತ್ರ ಅದನ್ನು ಸ್ಟಾರ್ಟ್ ಮಾಡಲು ಹೋಗಬೇಡ. ಜಾಗ ಇದ್ದರೂ ಅಳತೆ ನೋಡಬೇಕು: ಹೈಕ್ರಾಸ್ ಉದ್ದ 4,755 ಮಿ.ಮೀ., ಅಗಲ 1,850, ಕನ್ನಡಿ ಬಿಟ್ಟು. ಈ ಭಾನುವಾರ ಟೇಪು ಹಿಡಿದು ಎರಡು ಕಂಬಗಳ ನಡುವೆ ಅಳೆ. ಬಾಗಿಲು ತೆಗೆದು ಮಗುವನ್ನು ಸೀಟಿನಿಂದ ಎತ್ತಿಕೊಳ್ಳಲು ಪಕ್ಕದಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೂ ಬರೆದುಕೊಂಡು ಶೋರೂಮಿಗೆ ಹೊರಡು.

ಇಂತಿ,
ನಿನ್ನ ಹಿತೈಷಿ